ಕೆರೆ ಪಕ್ಕದ ನಾರುಪುಡಿ ಗುಡ್ಡೆ

ಆ ವಾರ ಶಾಂತಾದೇವಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅರಸೀಕೆರೆ ಸೀಮೆಯ ಆ ಊರಿನ ಕೆರೆ ಸಂಘಕ್ಕೆ ಅವಳೇ ಅಧ್ಯಕ್ಷೆ. ಕೆರೆಯ ಮೇಲ್ಗಡೆ ತೆಂಗಿನ ನಾರು ತೆಗೆಯುವ ಮಿಲ್ಲು ಅವಳ ಗಂಡ ಇಂದುಧರನದು. ಮಿಲ್ಲಿನ ನಾರುಪುಡಿ ಗುಡ್ಡೆಯಾಗಿ ಬೆಳೆದು ಕೆರೆಯಂಗಳಕ್ಕೆ ಕಾಲು ಚಾಚಿತ್ತು. ಅದರಿಂದ ಮೀನಿಗೆ, ದನಕರುಗಳಿಗೆ ಕೇಡುಂಟೋ ಇಲ್ಲವೋ ಪರೀಕ್ಷೆಯಾಗಲೇಬೇಕೆಂದು ಊರು ಹಟ ಹಿಡಿದಿತ್ತು. ಎಷ್ಟರ ಮಟ್ಟಿಗೆ ಪರೀಕ್ಷೆ ಮಾಡಿಸಬೇಕೆಂಬುದನ್ನು ಸೋಮವಾರದ ಸಭೆಯಲ್ಲಿ ಅವಳೇ ಹೇಳಬೇಕಿತ್ತು.

"ಒಂದು ಬಾಟ್ಲಿ ನೀರು ತುಂಬಿ ಕಳಿಸಿ ಕೈ ತೊಳ್ಕಳೇ," ಎಂದ ಇಂದುಧರ. "ವರ್ಷಗಟ್ಲೆ ಪರೀಕ್ಷೆ ಅಂತ ಕೂತ್ರೆ ಮಿಲ್ಲಿಗೆ ಬೀಗ ಬೀಳ್ತೈತೆ. ಆಮ್ಯಾಕೆ ಊರೋರು ನಮಗೆ ಅನ್ನ ಇಕ್ತಾರಾ?"

"ಊರೋರು ಮುಖಕ್ಕೆ ಉಗುದ್ರೆ ನೀವು ಒರೆಸ್ತೀರಾ?"

ಸಂಘದ ಹಿರಿಯ ಸದಸ್ಯ, ಮುದುಕ ಜವರಯ್ಯನದು ಬೇರೆಯೇ ರಾಗ. "ಕಪ್ಪೆಯಿಂದ ಕೊಕ್ಕರೆಗಂಟ ಎಲ್ಲಾನೂ ನೋಡಿಸ್ಬೇಕು ಕಣವ್ವಾ. ಗಂಡನ ಮಿಲ್ಲು ಅಂತ ಕಣ್ ಮುಚ್ಕಂಡ್ಯೋ, ಸಂಘ ಬಿಟ್ಬುಡು."

ನೀರು ಪರೀಕ್ಷಿಸಲು ಹಾಸನದಿಂದ ಬಂದಿದ್ದ ಹೇಮಾಶ್ರೀ ಮೆತ್ತಗೆ ಹೇಳಿದಳು: "ಮೊದಲು ಸ್ವಲ್ಪ ನೋಡೋಣಮ್ಮ. ಕೇಡು ಕಂಡರೆ ಇನ್ನೂ ವಿವರವಾಗಿ ನೋಡೋಣ. ಎಲ್ಲಿ, ಯಾವಾಗ ನೋಡಬೇಕು ಅನ್ನೋದು ಮಾತ್ರ ನಿಮ್ಮ ಸಂಘ ಹೇಳಲಿ."

ಸಂಜೆ ಹಾಲು ಕರೆಯುತ್ತಿದ್ದಾಗ ಶಾಂತಾದೇವಿಯ ಕೈ ತಟ್ಟನೆ ನಿಂತಿತು. ಹಿಂದೆ ಮಾದಿಹಳ್ಳಿಯಿಂದ ಹಸು ತರುವಾಗ ಒಂದೇ ಹೊತ್ತು ಕರೆದು ನೋಡಿ ಮೋಸ ಹೋಗಿದ್ದರು. ಮಾರುವವನು ಬೆಳಗಿನ ಹಾಲು ಕರೆಯದೆ ಕೆಚ್ಚಲು ಉಬ್ಬಿಸಿಟ್ಟಿದ್ದ. ಗುಡ್ಡೆಯ ರಸ ಕೆರೆಗಿಳಿಯುವುದೇ ಮಳೆ ಬಂದಾಗ; ಬಿರುಬೇಸಿಗೆಯಲ್ಲಿ, ಒಣಗಿ ನಿಂತ ಗುಡ್ಡೆಯ ಕೆಳಗೆ ತುಂಬುವ ಬಾಟ್ಲಿಯೂ ಅಂಥದೇ ಮೋಸವಲ್ಲವೇ?

ಸಭೆಯಲ್ಲಿ ಎದ್ದು ನಿಂತಳು. "ಕೊಕ್ಕರೆ ಈಗ ಬ್ಯಾಡ. ಗುಡ್ಡೆ ಕೆಳಗಿನ ನೀರು, ದನ ಕುಡಿಯೋ ಕಡೆ ನೀರು, ಎರಡೇ ಸಾಕು. ಆದ್ರೆ ಇವತ್ತಲ್ಲ, ಮೊದಲ ಮಳೆ ಹುಯ್ದ ಮ್ಯಾಲೆ. ಕೆಟ್ಟಿದ್ರೆ ಎಲ್ಲಾನೂ ನೋಡಿಸೋಣ. ಹಂಗೇನಾರ ಆದ್ರೆ, ಎಲ್ಲಾ ನೋಡಿ ಮುಗಿಯೋಗಂಟ ಮಿಲ್ಲು ನಿಲ್ಲಲಿ, ಕೀಲಿಕೈ ಸಂಘದ ತಾವ ಇರ್ಲಿ."

ಜವರಯ್ಯ ಗೊಣಗಿದ. ಇಂದುಧರ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

ಆಮೇಲೆ ಶುರುವಾಯಿತು ಮೋಡ ಕಾಯುವ ಸಂಕಟ. ಮಾಲೇಕಲ್ಲು ಬೆಟ್ಟದ ಕಡೆ ಕಪ್ಪಾದಾಗಲೆಲ್ಲ ಎದ್ದು ಅಂಗಳಕ್ಕೆ ಬರುತ್ತಿದ್ದಳು. ಮಳೆ ಬರಲೆಂದು ಬೇಡುವಳೋ, ಬಾರದಿರಲೆಂದು ಬೇಡುವಳೋ, ಅವಳಿಗೇ ತಿಳಿಯದು.

ಕಡೆಗೊಂದು ಮಧ್ಯಾಹ್ನ ಮಳೆ ಹುಯ್ದೇ ಹುಯ್ಯಿತು. ಹೇಮಾಶ್ರೀ ಕೊಟ್ಟಿದ್ದ ಎರಡು ಬಾಟ್ಲಿ ಹಿಡಿದು ಶಾಂತಾದೇವಿ ಕೆರೆಗಿಳಿದಳು. ಗುಡ್ಡೆಯಿಂದ ನೀರು ಹುರುಳಿ ಬೇಯಿಸಿದ ಕಟ್ಟಿನ ಕಂದು ಬಣ್ಣಕ್ಕೆ ಇಳಿಯುತ್ತಿತ್ತು. ಒಂದು ಬಾಟ್ಲಿ ಅಲ್ಲೇ ತುಂಬಿದಳು. ದನ ಕುಡಿಯುವ ಕಡೆ ಅವಳ ಹಸುವೇ ನೀರು ಮೂಸಿ, ತಲೆ ಒದರಿ, ಹಿಂದೆ ಸರಿಯಿತು.

"ವಸಿ ಆಚೆ ತುಂಬ್ಕಳೇ, ಅಲ್ಲಿ ತಿಳಿಯಾಗೈತೆ," ಎಂದ ಹಿಂದೆಯೇ ಬಂದಿದ್ದ ಇಂದುಧರ. ದನಿ ಬೇಡುತ್ತಿತ್ತು.

ಶಾಂತಾದೇವಿ ಹಸು ನಿಂತಿದ್ದ ಕಡೆಯೇ ಬಗ್ಗಿ ಎರಡನೇ ಬಾಟ್ಲಿ ಮುಳುಗಿಸಿದಳು.

"ಮಿಲ್ಲಿನ ಕೀಲಿಕೈ ಸಂಘಕ್ಕೆ ಕೊಟ್ಬುಡಿ," ಎಂದಳು, ಅವನ ಮುಖ ನೋಡದೆ. ಮುಚ್ಚಳ ಬಿಗಿದು, ಎರಡೂ ಬಾಟ್ಲಿ ಸೆರಗಿಗೆ ಸುತ್ತಿಕೊಂಡು ದಡ ಹತ್ತಿದಳು.