ಜಗದಾಂಬಾ ಅವರ ಗಾಜಿನ ಒಲೆ

ರಾಜಾಜಿನಗರದ ಜಗದಾಂಬಾ ಅವರ ಅಡುಗೆಮನೆಯಲ್ಲಿ ಗಾಜಿನ ಒಲೆ ಇತ್ತು; ಕಾರ್ಖಾನೆಯ ತರಬೇತಿಗೆಂದು ಜರ್ಮನಿಗೆ ಹೋದ ಯಜಮಾನರು ಹೊತ್ತು ತಂದ ಕರೆಂಟಿನ ಒಲೆ. ಕನ್ನಡಿಯಂತೆ ಹೊಳೆಯುವ ಆ ಕಪ್ಪು ಗಾಜಿಗೆ ಆಕೆಯದು ಪೊಲೀಸ್ ಪಹರೆ. ತಳ ಸೊಟ್ಟಗಾದ ಪಾತ್ರೆಗೆ ಅಲ್ಲಿ ಪ್ರವೇಶವಿಲ್ಲ. ಇಟ್ಟ ಪಾತ್ರೆಯನ್ನು ಎತ್ತಬೇಕೇ ಹೊರತು ಎಳೆಯಕೂಡದು. ಬೆಲ್ಲದ ಪಾಕ ಒಂದು ಹನಿ ಚೆಲ್ಲಿದರೂ ಮನೆಯವರೆಲ್ಲ ಗಡಗಡ. ಸ್ವಿಚ್ ಆರಿಸಿದ ಮೇಲೂ ಆಕೆ ಅರ್ಧ ಗಂಟೆ ಒಲೆಯ ಮುಂದೆ ಸ್ಟೂಲು ಹಾಕಿ ಕೂರುತ್ತಿದ್ದರು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಬಾಡಿಗೆದಾರ ಶ್ಯಾಮಸುಂದರ, ಆಫೀಸಿನಲ್ಲಿ ತನ್ನ ಛತ್ರಿಯನ್ನೇ ಕಾಯಲಾರದ ಗುಮಾಸ್ತ, ಒಮ್ಮೆ ನಕ್ಕೇಬಿಟ್ಟ: "ಆಫ್ ಆಗಿದೆಯಲ್ಲಮ್ಮಾ, ಯಾರು ಎತ್ಕೊಂಡ್ ಹೋಗ್ತಾರೆ ಅದನ್ನ?" "ಗಾಜಿನ ಕೆಂಪು ಹೋದ ತಕ್ಷಣ ಬಿಸಿ ಹೋಗಲ್ಲ ಕಣೋ, ಸುಮ್ನಿರು." ಅಷ್ಟರಲ್ಲಿ ಕಣ್ಣು ಕಾಣದ ಅತ್ತೆ ನೀರು ಹುಡುಕುತ್ತ, ಅಡುಗೆಕಟ್ಟೆಯನ್ನು ಅಂಗೈಯಿಂದ ಸವರಿಕೊಂಡು ಬಂದರು. ಬೆರಳಿಗೂ ಗಾಜಿಗೂ ಗೇಣು ದೂರ. ಶ್ಯಾಮಸುಂದರ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಜಗದಾಂಬಾ ಕೂತಲ್ಲಿಂದಲೇ, ದಿನವೂ ಮಾಡುವ ಕೆಲಸವೆಂಬಂತೆ, ಆ ಕೈಯನ್ನು ಹಿಡಿದು ತಮ್ಮ ಹೆಗಲ ಮೇಲಿಟ್ಟುಕೊಂಡರು. "ತಣ್ಣಗಾಯ್ತೇನೇ ಒಲೆ?" ಎಂದರು ಅತ್ತೆ. "ಇನ್ನೂ ಇಲ್ಲ ಅತ್ತೆ. ನೀರು ನಾನು ಕೊಡ್ತೀನಿ." ಮುದುಕಿ ಬಾಗಿಲ ಕಡೆ ಕಿವಿ ತಿರುಗಿಸಿದರು. "ಅದ್ಯಾರೇ ಅಲ್ಲಿ, ಉಸಿರೇ ಬಿಡ್ತಿಲ್ಲ?"