ಶಕುಂತಲಾ ಕಟ್ಟಿದ ಕಾವಲು

ಶಕುಂತಲಾ ಎಲ್ಲಿಂದ ಬಂದರೂ ನೇರ ಒಳಗೆ ಕಾಲಿಡುತ್ತಿರಲಿಲ್ಲ. ಬೀಗ ತೆಗೆದು, ಹೊಸ್ತಿಲಲ್ಲೇ ನಿಂತು, ಕೋಣೆಯನ್ನೆಲ್ಲ ಒಂದು ಸುತ್ತು ನೋಡುತ್ತಿದ್ದಳು. ಮೇಜು, ಮೇಜಿನ ಮೇಲಿನ ಕಂಪ್ಯೂಟರು, ನೀರಿನ ಬಾಟಲಿ, ಗೋಡೆಗೆ ಸಿಕ್ಕಿಸಿದ ಲಗ್ನಪತ್ರಿಕೆಯ ಮಾದರಿಗಳು. ಎಲ್ಲ ಅವಳು ಬಿಟ್ಟುಹೋದ ಹಾಗೇ ಇದ್ದರೆ ಒಳಗೆ ಹೋಗುವಳು. ಇಲ್ಲದಿದ್ದರೆ ಅಲ್ಲಿಂದಲೇ ಕೂಗುವಳು.

"ಅವ್ವಾರೆ, ಯಾರ್ ಬಂದಿದ್ರು ಇಲ್ಲಿ?"

"ಯಾರೂ ಇಲ್ಲ."

"ಬಾಟ್ಲಿ ಮುಚ್ಚಳ ಸಡ್ಲ ಐತಿ."

ನನ್ನ ಹತ್ತಿರದ ಕೀಲಿಯಿಂದ ತೆಗೆದು ಕಸ ಗುಡಿಸಲು ಹೋದವಳು ನಾನೇ ಒಂದು ಗುಟುಕು ನೀರು ಕುಡಿದಿರುತ್ತಿದ್ದೆ. ಮನೆ ನನ್ನದು, ಅವಳು ಬಾಡಿಗೆಯವಳು. ಆದರೂ ಅವಳ ಕಣ್ಣಿಗೆ ನಾನು ಕಳ್ಳಿಯೇ.

ಆನವಟ್ಟಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಮನೆ. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಅವಳ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸು, ಅರ್ಜಿ ತುಂಬಿಸುವುದು, ಇಂಥ ಕೆಲಸ. ಶಿಕಾರಿಪುರದವಳು. ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳಂತೆ. ಕೆಲಸ ಕೊಟ್ಟ ಯಜಮಾನನ ಜೊತೆ ಜಗಳವಾಡಿ ಬಂದಿದ್ದಳು. ಏನು ಜಗಳ ಎಂದು ನಾನು ಕೇಳಿದ್ದಕ್ಕೆ, "ಅವ್ನಿಗೆ ಗೊತ್ತೈತಿ, ನಂಗೆ ಗೊತ್ತೈತಿ, ಸಾಕು" ಅಂದಳು. ನಲವತ್ತು ದಾಟಿದ ಹೆಂಗಸು. ಎಣ್ಣೆ ಹಚ್ಚಿ ಬಿಗಿದ ಜಡೆ, ದಪ್ಪ ಕನ್ನಡಕ, ದವಡೆಯಲ್ಲಿ ಯಾವಾಗಲೂ ಒಂದು ಲವಂಗ. ಗಂಡ ಇದ್ದನೋ ಬಿಟ್ಟನೋ ಹೇಳಲಿಲ್ಲ. ನಾನೂ ಕೆದಕಲಿಲ್ಲ.

ತನಗಾದ ಅನ್ಯಾಯವನ್ನು ಮರೆಯುವುದು ಅವಳಿಗೆ ಬರುತ್ತಿರಲಿಲ್ಲ. ಅದಕ್ಕೇ ನನಗೆ ಅವಳು ಹಿಡಿಸಿದ್ದು. ಹೋಗಲಿ ಬಿಡು ಅನ್ನುವವರನ್ನು ಕಂಡರೆ ನನಗಾಗುವುದಿಲ್ಲ. ಅಂಥವರ ಮನೆಯಲ್ಲಿ ಊಟಕ್ಕೂ ಕೂರಬಾರದು ಅನಿಸುತ್ತದೆ.

ಪಕ್ಕದಲ್ಲಿ ಗುತ್ಯಪ್ಪನ ಜೆರಾಕ್ಸ್ ಅಂಗಡಿ. ಅವನು ಇವಳ ಕಾಗದದ ಕಟ್ಟಿನಿಂದ ಆಗಾಗ ಹಾಳೆ ಎಳೆದುಕೊಂಡು ಹೋಗುತ್ತಿದ್ದ. ಇವಳಿಗೆ ಮೊದಲ ದಿನವೇ ಗೊತ್ತಾಯಿತು. ಜಗಳಕ್ಕೆ ಹೋಗಲಿಲ್ಲ. ಕಟ್ಟಿನ ಮೇಲಿನ ಹಾಳೆಗಳಿಗೆ ಅಲ್ಲಲ್ಲಿ ತೆಳುವಾಗಿ ಗೋಂದು ಸವರಿ, ಒಣಗಿಸಿ, ಮೊದಲಿನ ಹಾಗೇ ಇಟ್ಟಳು. ಮರುದಿನ ಗುತ್ಯಪ್ಪನ ಮಿಶನ್ನು ಕಾಗದ ಕಚ್ಚಿಕೊಂಡು ನಿಂತಿತು. ಇವಳು ಟೀ ಲೋಟ ಹಿಡಿದು ಅವನ ಬಾಗಿಲಿಗೆ ಹೋದಳು.

"ಏನಾತ್ರಿ ಗುತ್ಯಪ್ಪಾರೆ?"

"ಧೂಳು ಕುಂತೈತ್ರಿ ಮೇಡಂ."

"ಹೌದಾ? ಒಳ್ಳೆ ಅಂಟು ಧೂಳು ಬಿಡ್ರಿ ಇದು."

ಲೋಟ ಖಾಲಿಯಾಗುವ ತನಕ ಅಲ್ಲಿಂದ ಕದಲಲಿಲ್ಲ. ಅವನು ಬೆವರುತ್ತ ರಿಪೇರಿ ಮಾಡುತ್ತಲೇ ಇದ್ದ. ಬಾಯಿ ಬಿಟ್ಟರೆ ಕದ್ದದ್ದು ಒಪ್ಪಿಕೊಂಡಂತೆ. ಆಮೇಲೆ ಅವನು ನಮ್ಮ ಕಾಗದದ ಕಡೆ ತಿರುಗಿಯೂ ನೋಡಲಿಲ್ಲ.

ಇನ್ನು ನನ್ನ ತಂಗಿಯ ವಿಷಯ. ನಿಂಗವ್ವನನ್ನು ಅಂಬ್ಲಿಗೊಳದ ಕಡೆ ಕೊಟ್ಟಿತ್ತು. ಸೋಬಾನೆ ಪದ ಹೇಳುವುದರಲ್ಲಿ ಅವಳ ಸಮ ಇನ್ನೊಬ್ಬರಿರಲಿಲ್ಲ. ಅವಳು ಬಾರದೆ ಆ ಸುತ್ತಿನಲ್ಲಿ ಎಷ್ಟೋ ಮನೆಯಲ್ಲಿ ಮದುಮಗಳಿಗೆ ಅರಿಶಿನ ಹಚ್ಚುತ್ತಿರಲಿಲ್ಲ. ಅವಳ ಗಂಡನ ಮನೆತನದ ಹೆಂಗಸರಲ್ಲಿ ಒಂದು ಪದ್ಧತಿ. ಪದ ಎತ್ತುವ ಮೊದಲು ತನ್ನ ಹೆಸರು ಹೇಳಬೇಕು, ಆ ಪದ ತನಗೆ ಕೊಟ್ಟವಳ ಹೆಸರೂ ಹೇಳಬೇಕು. ಹೇಳದೆ ಎತ್ತಿದರೆ ಅದು ಕದ್ದ ಪದ. ನಿಂಗಿ ಒಂದು ದಿನವೂ ಇದನ್ನು ತಪ್ಪಿಸಿದವಳಲ್ಲ. ನೆಗಡಿಯಾಗಿ ಗಂಟಲು ಕಟ್ಟಿದ್ದಾಗಲೂ ಹೆಸರು ಹೇಳಿಯೇ ಶುರು ಮಾಡುತ್ತಿದ್ದಳು.

ಪರಮೇಶಿ ನನ್ನ ಮೈದುನನ ಮಗ. ಮೈಕು, ಶಾಮಿಯಾನ ಬಾಡಿಗೆಗೆ ಕೊಡುವವನು. ತನ್ನದೊಂದು ಕಲಾ ಸಂಘವನ್ನೂ ಮಾಡಿಕೊಂಡಿದ್ದ. ನಿಂಗಿಯನ್ನು ಕರೆತಂದು ನನ್ನ ನಡುಮನೆಯಲ್ಲಿ ಕೂರಿಸಿ, ಅವಳ ಪದಗಳನ್ನು ಶಕುಂತಲಾಳ ಕಂಪ್ಯೂಟರಿಗೆ ತುಂಬಿಸಿದವನು ಅವನೇ. ಅಷ್ಟು ಮಟ್ಟಿಗೆ ಒಳ್ಳೆಯದನ್ನೇ ಮಾಡಿದ. ಮರುವರ್ಷ ನಿಂಗಿ ಸತ್ತಳು. ಅವಳ ದನಿ ಉಳಿದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ ಅಂತ ನಾನು ತಿಳಿದಿದ್ದೆ.

ಒಂದು ದಿನ ನನಗೆ ಕೇಳಬೇಕು ಅನ್ನಿಸಿ ಶಕುಂತಲಾಳಿಗೆ ಹಾಕಲು ಹೇಳಿದೆ. ಪದ ಶುರುವಾಯಿತು. ಹೆಸರಿಲ್ಲ. ನೇರ ಪದವೇ.

"ನಿಲ್ಸು" ಅಂದೆ. "ನಿಂಗಿ ಹಿಂಗೆ ಎತ್ತೋಳಲ್ಲ. ಮುಂದಿಂದು ಯಾರೋ ತೆಗ್ದಿದಾರೆ."

ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಒಂದೊಂದೇ ಪದ ಹಾಕಿದಳು. ಎಲ್ಲದರ ಮುಂದಲೆಯೂ ಕತ್ತರಿಸಿ ಹೋಗಿತ್ತು. ಅವಳ ಮುಖ ಕಪ್ಪಿಟ್ಟಿತು. ಅವಳ ಕೋಣೆಯಲ್ಲಿ, ಅವಳ ಮೂಗಿನ ಕೆಳಗೆ ಆದದ್ದು. ಬಾಟಲಿಯ ಮುಚ್ಚಳ ತಿರುಗಿದ್ದು ಕಂಡವಳಿಗೆ ಇದು ಕಾಣದೆ ಹೋಗಿತ್ತು.

ಆ ಕಂಪ್ಯೂಟರು ಮುಟ್ಟುತ್ತಿದ್ದವರು ಇಬ್ಬರೇ, ಅವಳು ಮತ್ತು ಪರಮೇಶಿ. ಅವನನ್ನು ಕೇಳಿದರೆ ನಕ್ಕ.

"ಮಿಶನ್ ತಿಂದಿರ್ಬೇಕು ದೊಡ್ಡವ್ವ. ಒಮ್ಮೊಮ್ಮೆ ಹಂಗೆ ಆಗ್ತದೆ."

ಮೊದಲಿನ ಪದಗಳ ಒಂದು ಪ್ರತಿ ಶಕುಂತಲಾಳ ಟ್ರಂಕಿನೊಳಗಿನ ಡಬ್ಬಿಯಲ್ಲಿ, ಒಂದು ಪೆನ್ ಡ್ರೈವಿನಲ್ಲಿ ಇತ್ತು. ಅದನ್ನು ತಂದು ಪದಗಳನ್ನು ಮೊದಲಿನ ಹಾಗೆ ಮಾಡಿಟ್ಟಳು. ಆಮೇಲೆ ಕೂತು ಪ್ರೋಗ್ರಾಮ್ ಬರೆಯತೊಡಗಿದಳು. ಊಟಕ್ಕೆ ಕರೆದರೂ ಏಳಲಿಲ್ಲ. ಅದೇನು ಅಂತ ಕೇಳಿದೆ.

"ಕಾವಲು ರೀ. ನಿಮ್ ತಂಗಿ ಪದ ಇಟ್ಟಿರೋ ಫೋಲ್ಡರ್ ಮೇಲೆ ಇದು ಕಣ್ಣಿಟ್ಟು ಕುಂದರ್ತತಿ. ಯಾರರ ತೆಗದ್ರು, ಹೆಸ್ರು ಬದ್ಲಿಸಿದ್ರು, ಒಳಗ ಕೈ ಹಾಕಿದ್ರು, ಯಾವಾಗ ಏನು ಮಾಡಿದ್ರು ಅಂತ ಬರದಿಡ್ತತಿ."

"ಹೊರಗಿಂದ ನೋಡಕ್ಕೆ ಹಂಗೇ ಇಟ್ಟು ಒಳಗಿಂದು ಮಾತ್ರ ತೆಗ್ದರೆ?"

"ಅದೂ ಗೊತ್ತಾಗ್ತತಿ."

ಹೇಗೆ ಅಂದೆ. ಅವಳು ಹೇಳಿದ್ದು ನನಗೆ ಅರ್ಥವಾದದ್ದು ಇಷ್ಟು. ಒಂದೊಂದು ಪದಕ್ಕೂ ಅದರ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಒಂದು ಗುರುತು ಒತ್ತಿಡುತ್ತದಂತೆ. ಒಳಗೆ ಒಂದು ಕೂದಲೆಳೆಯಷ್ಟು ಬದಲಾದರೂ ಗುರುತು ಬೇರೆ ಆಗುತ್ತದಂತೆ. ನನಗೆ ನಮ್ಮತ್ತೆ ನೆನಪಾದಳು. ಅಕ್ಕಿ ತುಂಬಿಡುವ ಮಣ್ಣಿನ ವಾಡೆಯಲ್ಲಿ ಅಕ್ಕಿ ಸಮ ಮಾಡಿ, ಮೇಲೆ ಅಂಗೈ ಒತ್ತಿ ಹೋಗುತ್ತಿದ್ದಳು, ಸೊಸೆಯಂದಿರು ತೆಗೆದು ತವರಿಗೆ ಕಳಿಸಬಾರದು ಅಂತ. ನನ್ನ ಓರಗಿತ್ತಿ ಅಕ್ಕಿ ತೆಗೆದು ತನ್ನ ಅಂಗೈ ಒತ್ತಿದಳು. ಅತ್ತೆಯ ಕಿರುಬೆರಳು ಸೊಟ್ಟ ಅನ್ನುವುದು ಅವಳಿಗೆ ಹೊಳೆಯಲಿಲ್ಲ. ಅವತ್ತು ಆ ಮನೆಯಲ್ಲಿ ಆದ ರಂಪ ಇನ್ನೂ ನನ್ನ ಕಿವಿಯಲ್ಲಿದೆ. ಇದನ್ನು ಹೇಳಿದಾಗ ಶಕುಂತಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಿಮ್ಮತ್ತಿ ಇದ್ದಿದ್ರ ನಾನು ಅವ್ರ ಹತ್ರ ಕೆಲಸಕ್ಕೆ ಸೇರ್ತಿದ್ನಿ."

ಮೊದಲು ಓಡಿಸಿದಾಗ ಆ ಕಾವಲು ಹುಚ್ಚುಹಿಡಿದ ಹಾಗೆ ಆಡಿತು. ಯಾರೂ ಮುಟ್ಟದಿದ್ದರೂ 'ಬದಲಾಯಿತು, ಬದಲಾಯಿತು' ಎಂದು ಸಾಲು ಸಾಲು ಬರೆಯತೊಡಗಿತು. ನೋಡಿದರೆ, ಬರೆದಿಡುವ ಚೀಟಿಯನ್ನು ಇವಳು ಅದೇ ಫೋಲ್ಡರಿನಲ್ಲಿ ಇಟ್ಟಿದ್ದಳು. ಚೀಟಿ ಬರೆದ ಕೂಡಲೇ ಫೋಲ್ಡರಿನಲ್ಲಿ ಏನೋ ಬದಲಾಯಿತು ಎಂದು ಅದಕ್ಕೆ ಕಾಣುವುದು. ಅದನ್ನೂ ಬರೆಯುವುದು. ಬರೆದದ್ದೇ ಮತ್ತೊಂದು ಬದಲಾವಣೆ.

"ತನ್ನ ಬಾಲ ನೋಡಿ ತಾನೇ ಬೊಗಳೋ ನಾಯಿ ಕಟ್ಟಿದೀಯ" ಅಂದೆ.

"ಸುಮ್ನಿರ್ರಿ ಅವ್ವಾರೆ, ಮೊದ್ಲ ತಲಿ ಕೆಟ್ಟತಿ" ಅಂದು ಚೀಟಿಯನ್ನು ಬೇರೆ ಕಡೆ ಸಾಗಿಸಿದಳು. ಆಮೇಲೆ ನಾಯಿ ತೆಪ್ಪಗಾಯಿತು.

ಕೆಲವು ದಿನ ಕಳೆದು ಪರಮೇಶಿ ಬಂದ. ಏನೋ ಫ್ಲೆಕ್ಸ್ ಮಾಡಿಸಬೇಕು ಅಂತ ನೆವ ಹೇಳಿ ಕಂಪ್ಯೂಟರಿನ ಮುಂದೆ ಕೂತ. ಶಕುಂತಲಾ ಬೇಕೆಂದೇ ಎದ್ದು ಸಂತೆಗೆ ಹೋದಳು. ಬಂದು, ಹೊಸ್ತಿಲ ಮೇಲೆ ನಿಂತು ನೋಡಿ, ಒಳಗೆ ಹೋಗಿ ಚೀಟಿ ತೆಗೆದಳು. ನನಗೆ ಓದಿ ಹೇಳಿದಳು. ಅವನು ಮೊದಲು ಕತ್ತರಿಸಿದ್ದೆಲ್ಲ ಮತ್ತೆ ಸರಿಯಾಗಿ ಕೂತಿದ್ದನ್ನು ಕಂಡು, ತಾನೇ ಉಳಿಸಲು ಮರೆತೆ ಅಂದುಕೊಂಡಿರಬೇಕು. ಎಲ್ಲವನ್ನೂ ಇನ್ನೊಮ್ಮೆ ಕತ್ತರಿಸಿದ್ದ. ಈ ಸಲ ಹೆಸರನ್ನೂ ಬದಲಿಸಿದ್ದ. ಒಂದೊಂದು ಪದದ ಮೇಲೂ ಅವನ ಹೆಂಡತಿ ರತ್ನಳ ಹೆಸರು.

ಏಕೆಂದು ತಿಳಿಯಲು ತಡವಾಗಲಿಲ್ಲ. ಶಿಕಾರಿಪುರದಲ್ಲಿ ಪದ ಹೇಳುವ ಹೆಂಗಸರ ಕಾರ್ಯಕ್ರಮ ಇಟ್ಟಿದ್ದರು. ಅವನ ಹೂಟ ಇಷ್ಟು, ರತ್ನ ಸ್ಟೇಜಿನ ಮೇಲೆ ಮೈಕು ಹಿಡಿದು ಬಾಯಿ ಆಡಿಸುವುದು, ಸ್ಪೀಕರಿನಲ್ಲಿ ನಿಂಗಿಯ ದನಿ ಬರುವುದು. ಮೈಕಿನವನು ಪರಮೇಶಿಯೇ ಆದ್ದರಿಂದ ಕೇಳುವವರಿಲ್ಲ.

ನಾನು ಪೊರಕೆ ತೆಗೆದುಕೊಂಡೆ. ಅವನ ಮನೆ ಎರಡು ಬೀದಿ ಆಚೆ. ಶಕುಂತಲಾ ಬಾಗಿಲಿಗೆ ಅಡ್ಡ ನಿಂತಳು.

"ಈಗ ಹೊಡದ್ರ ಈ ಬೀದಿಗೆ ಮಾತ್ರ ಗೊತ್ತಾಗ್ತತಿ."

"ಮತ್ತೇನು ಮಾಡಾಣ?"

"ಅವ್ನು ಇಟ್ಟ ಹೆಸ್ರು ಹಂಗೇ ಇರ್ಲಿ. ಒಳಗಿಂದು ಮಾತ್ರ ಅವ್ನು ಎಷ್ಟು ಸಲ ಕತ್ತರಿಸಿದ್ರೂ ಮೊದ್ಲಿನಂಗ ಆಗ್ಲಿ. ಕಾವಲಿಗೆ ಅಷ್ಟು ಹೇಳಿದ್ರ ಸಾಕು."

ಪೊರಕೆ ಕೆಳಗಿಟ್ಟೆ. ಅವತ್ತು ಅವಳಿಗೆ ತುಪ್ಪ ಹಾಕಿ ರೊಟ್ಟಿ ಕೊಟ್ಟೆ.

ಕಾರ್ಯಕ್ರಮದ ಬೆಳಿಗ್ಗೆ ಪರಮೇಶಿ ಅವಸರದಲ್ಲಿ ಬಂದು, ಹೆಸರು ಮಾತ್ರ ನೋಡಿಕೊಂಡು, ಪೆನ್ ಡ್ರೈವಿಗೆ ತುಂಬಿಸಿಕೊಂಡು ಹೋದ. ಕೇಳಿ ನೋಡಲಿಲ್ಲ. ನಾವಿಬ್ಬರೂ ಅವನ ಹಿಂದೆಯೇ ಬಸ್ಸು ಹತ್ತಿ ಹೋಗಿ ಸ್ಟೇಜಿನ ಎದುರಿಗೇ ಕೂತೆವು. ರತ್ನ ರೇಷ್ಮೆ ಸೀರೆ ಉಟ್ಟು ಬಂದಳು. ಮೈಕು ಬಾಯಿಗೆ ಹಿಡಿದಳು. ಸ್ಪೀಕರಿನಲ್ಲಿ ನನ್ನ ತಂಗಿ ಮಾತಾಡಿದಳು.

"ನಾನು ಅಂಬ್ಲಿಗೊಳದ ನಿಂಗವ್ವ. ಈ ಪದ ನಮ್ಮತ್ತೆ ಗಿರಿಯವ್ವ ಕೊಟ್ಟಿದ್ದು. ಏ ಪರಮೇಶಿ, ಬಾಯಾಗಿನ ಎಲೆಅಡಿಕೆ ಉಗುದು ಬಾರೊ ಮೊದ್ಲು. ಎಮ್ಮೆ ಮೆಲುಕು ಹಾಕ್ದಂಗೆ ಸಪ್ಳ ಮಾಡ್ತೀಯ, ಪದದಾಗೆ ಬರ್ತದೆ."

ಜನ ಗೊಳ್ಳೆಂದರು. ಪರಮೇಶಿ ಗಡಿಬಿಡಿಯಲ್ಲಿ ಮುಂದಿನ ಪದಕ್ಕೆ ಹಾರಿಸಿದ. "ನಾನು ಅಂಬ್ಲಿಗೊಳದ ನಿಂಗವ್ವ." ಅದರ ಮುಂದಿನದಕ್ಕೆ ಹಾರಿಸಿದ. "ನಾನು ಅಂಬ್ಲಿಗೊಳದ ನಿಂಗವ್ವ." ಅವನು ಹಾರಿಸಿದಷ್ಟೂ ಅವಳು ಹೆಸರು ಹೇಳಿದಳು. ಕೊನೆಗೆ ತಂತಿಯನ್ನೇ ಕಿತ್ತ.

ನಾನು ನಗಲಿಲ್ಲ. ಅವನ ಮುಖವನ್ನು ಕಣ್ತುಂಬ ನೋಡಿದೆ. ರತ್ನ ತಲೆ ತಗ್ಗಿಸಿ ಮೆಟ್ಟಿಲಿಳಿದಳು. ಅವಳ ಮೇಲೂ ನನಗೆ ಕನಿಕರ ಬರಲಿಲ್ಲ. ಬಾಯಿ ಆಡಿಸಿದವಳು ಅವಳೇ ತಾನೆ. ಶಕುಂತಲಾ ಲವಂಗ ಕಚ್ಚಿ, "ಏಳ್ರಿ, ಬಸ್ಸಿಗೆ ಹೊತ್ತಾತು" ಅಂದಳು.

ಪರಮೇಶಿ ಸುಮ್ಮನೆ ಕೂರುವವನಲ್ಲ. ಅಂಗಡಿ ಅಂಗಡಿಗೆ ಹೋಗಿ ಹೇಳಿದ. ಆ ಹೆಂಗಸಿನ ಕಂಪ್ಯೂಟರು ಕದ್ದು ನೋಡುತ್ತದೆ, ಅಲ್ಲಿಗೆ ಏನೇ ಕೊಟ್ಟರೂ ನಿಮ್ಮ ಮನೆಯ ಗುಟ್ಟೆಲ್ಲ ಬರೆದಿಟ್ಟುಕೊಳ್ಳುತ್ತದೆ ಅಂತ. ಜನ ನಂಬಿದರು. ಲಗ್ನಪತ್ರಿಕೆಯವರು ಬೇರೆ ಕಡೆ ಹೋದರು. ಅರ್ಜಿಯವರೂ ನಿಂತರು. ಗುತ್ಯಪ್ಪನಂತೂ ಊದಿ ಊದಿ ಹೇಳಿದ. ಕೋಣೆಯಲ್ಲಿ ಇವಳೊಬ್ಬಳೇ ಕೂತಿರುವಂತಾಯಿತು.

ಆಗ ಪರಮೇಶಿಯೇ ಬಂದ. ಬಾಳೆಹಣ್ಣು ತಂದಿದ್ದ.

"ಮೇಡಂ, ಮಿಶನ್ ತಪ್ಪಾಗಿ ಪದ ಅದಲು ಬದಲಾಗಿದ್ವು ಅಂತ ನಾಕು ಜನರ ಮುಂದೆ ಒಂದ್ ಮಾತು ಅಂದ್ಬಿಡ್ರಿ. ನಾಳೆಯಿಂದ ನಿಮ್ ಅಂಗಡಿ ಮುಂದೆ ಜನ ನಿಲ್ಲೋ ಹಂಗೆ ಮಾಡ್ತೀನಿ. ದೊಡ್ಡವ್ವ, ನೀವಾದ್ರೂ ಹೇಳ್ರಿ. ಸತ್ತೋರಿಗೆ ಹೆಸ್ರು ತಗಂಡು ಏನಾಗ್ಬೇಕು?"

ನಾನು ಶಕುಂತಲಾಳ ಮುಖ ನೋಡಿದೆ. ಸತ್ತವಳು ನನ್ನ ತಂಗಿ. ಅನ್ನ ಹೋಗುತ್ತಿದ್ದದ್ದು ಇವಳದು.

"ನಿನ್ನ ಹೊಟ್ಟೆ ನೋಡ್ಕೊ ತಾಯಿ" ಅಂದೆ. "ನಾನು ಏನೂ ಅಂದ್ಕೊಳಲ್ಲ." ಅಂದುಕೊಳ್ಳುತ್ತಿದ್ದೆ. ಸಾಯುವ ತನಕ ಅಂದುಕೊಳ್ಳುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು.

ಅವಳು ಬಾಳೆಹಣ್ಣಿನ ಚಿಪ್ಪನ್ನು ಅವನ ಮಡಿಲಿಗೇ ಇಟ್ಟಳು. "ನನ್ ಮಿಶನ್ ತಪ್ಪು ಮಾಡಿಲ್ಲ ಪರಮೇಶಣ್ಣ. ನೀನು ಮಾಡಿದ್ದು. ಎದ್ದೇಳು. ಆ ಕುರ್ಚಿ ಇಲ್ಲೇ ಇತ್ತು, ಹೊರಳಿಸಿ ಇಟ್ಟಿದೀಯ, ನೆಟ್ಟಗ ಇಟ್ಟು ಹೋಗು."

ಅವನು ಕುರ್ಚಿ ನೆಟ್ಟಗಿಟ್ಟು ಹೋದ.

ತಿಂಗಳು ತುಂಬುವ ಮೊದಲೇ ಅವಳು ಕೋಣೆ ಖಾಲಿ ಮಾಡಿದಳು. ಸಾಮಾನೆಲ್ಲ ಒಂದು ಲಗೇಜ್ ಆಟೋದಲ್ಲಿ ಹಿಡಿಸಿತು. ನಿಂಗಿಯ ಪದಗಳನ್ನು ನನ್ನ ಮೊಬೈಲಿಗೆ ತುಂಬಿಸಿಕೊಟ್ಟು, ಯಾವುದನ್ನು ಒತ್ತಬೇಕು ಅಂತ ಹೇಳಿಕೊಟ್ಟಳು. ಎಲ್ಲಿಗೆ ಅಂದೆ. ಸೊರಬಕ್ಕೆ, ಆಗದಿದ್ದರೆ ಇನ್ನೆಲ್ಲಿಗೋ ಅಂದಳು. ಅಳಲಿಲ್ಲ, ನಾನೂ ಅಳಲಿಲ್ಲ. "ಸಿಟ್ಟು ಬಿಡಬ್ಯಾಡ್ರಿ ಅವ್ವಾರೆ" ಅಂದು ಆಟೋ ಹತ್ತಿದಳು.

ಸೊರಬದ ಅಂಗಡಿಯೂ ನಡೆಯಲಿಲ್ಲವಂತೆ. ಆಮೇಲಿನದು ಯಾರಿಗೂ ಗೊತ್ತಿಲ್ಲ. ಕೋಣೆಯನ್ನು ಪರಮೇಶಿ ಮೈಕಿನ ಸಾಮಾನು ಇಡಲು ಕೇಳಿದ. ಬೀಗ ಹಾಕಿಟ್ಟಿದ್ದೇನೆ. ಜಿರಲೆ ಇದ್ದುಕೊಳ್ಳಲಿ, ಅವನಿಗೆ ಕೊಡುವುದಿಲ್ಲ.

ಹೋದ ಮಾಘದಲ್ಲಿ ನಮ್ಮ ಬೀದಿಯಲ್ಲೇ ಒಂದು ಮದುವೆ. ಅರಿಶಿನದ ಪದ ಹೇಳಲು ರತ್ನಳನ್ನು ಕೂರಿಸಿದರು. ಈಚೆಗೆ ಅವಳು ನಿಜವಾಗಿಯೇ ಪದ ಕಲಿಯುತ್ತಿದ್ದಳಂತೆ. ಪರಮೇಶಿ ಬಾಗಿಲಲ್ಲಿ ಮೈಕಿನ ತಂತಿ ಹಿಡಿದು ನಿಂತಿದ್ದ. ನಾನು ಎದುರಿಗೆ ಹೋಗಿ ಕೂತು ಅವಳ ಬಾಯನ್ನೇ ನೋಡಿದೆ. ಅವಳು ನನ್ನನ್ನು ನೋಡಿದಳು, ಗಂಡನನ್ನು ನೋಡಿದಳು, ಗಂಟಲು ಸರಿ ಮಾಡಿಕೊಂಡಳು.

"ನಾನು ಆನವಟ್ಟಿ ರತ್ನ. ಈ ಪದ ಅಂಬ್ಲಿಗೊಳದ ನಿಂಗವ್ವಂದು" ಅಂದು ಪದ ಎತ್ತಿದಳು. ದನಿ ಸುಮಾರಾಗಿತ್ತು. ಪರಮೇಶಿ ಗೋಡೆಯ ಕಡೆ ತಿರುಗಿಕೊಂಡ.

ನಾನು ಅಂಗಳಕ್ಕೆ ಎದ್ದುಬಂದು ಶಕುಂತಲಾಳಿಗೆ ಫೋನ್ ಮಾಡಿದೆ. ಈ ನಂಬರು ಈಗ ಇಲ್ಲ ಅಂತ ಒಬ್ಬಳು ಹೇಳಿದಳು. ಮತ್ತೆ ಮಾಡಿದೆ. ಅದೇ ಹೇಳಿದಳು. ಬೇಕಾದ ಹೊತ್ತಿಗೇ ಸಿಗುವುದಿಲ್ಲ ಮುಂಡೇದು ಅಂತ ಬಯ್ದುಕೊಂಡು, ಪದ ಮುಗಿಯುವ ಮೊದಲೇ ಒಳಗೆ ಹೋಗಿ ಕೂತೆ.