ಕುದುರೆ ಮನೆಗೆ ಬಂದ ಕಾಲಾಳು

"ಮದ್ವೆ ಊಟದ ಮಧ್ಯೆ ಎಲೆ ಎತ್ತೋಕೆ ಬಂದಂಗೆ ಕಣೋ ನಿನ್ ಜಾವಾ" ಎಂದು ಗೆಳೆಯ ರೇಗಿಸುತ್ತಿದ್ದ. ಎರಡು ಸಾವಿರದ ಇಸವಿ ದಾಟಿದ ಹೊಸತು. ಅರಸೀಕೆರೆಯ ಕಂಪ್ಯೂಟರ್ ಸೆಂಟರೊಂದರಲ್ಲಿ ನಾನು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದೆ. ಬಾಣಾವರದಿಂದ ರೈಲಿನಲ್ಲಿ ಬರುತ್ತಿದ್ದ ಅವನು ಸಿ ಎಂಬ ಇನ್ನೊಂದನ್ನು ಕಲಿಸುತ್ತಿದ್ದ. ಇಬ್ಬರೂ ಚೆಸ್ ಆಡುವ ಪ್ರೋಗ್ರಾಂ ಬರೆದಿದ್ದೆವು, ತಂತಮ್ಮ ಭಾಷೆಯಲ್ಲಿ.

ಸಿಯಲ್ಲಿ ಬರೆದದ್ದು ನೇರವಾಗಿ ಯಂತ್ರದ ಮಾತಾಗಿ ಓಡುತ್ತದೆ. ಜಾವಾಕ್ಕೆ ನಡುವೆ ಒಬ್ಬ ದುಭಾಷಿ ಬೇಕು. ಸಾಲದ್ದಕ್ಕೆ, ಮೆಮೊರಿಯಲ್ಲಿ ಬಿದ್ದ ಕಸ ಗುಡಿಸಲು ಅದು ಆಗಾಗ ಕೆಲಸ ನಿಲ್ಲಿಸುತ್ತದೆ. ಆದರೂ ಚೆನ್ನಾಗಿ ಬರೆದರೆ ಜಾವಾವೂ ಸಿಗೆ ಸಮನಾಗಿ ಆಡುತ್ತದೆ ಎಂದು ತೋರಿಸಿಯೇ ತೀರುವ ಹಟ ನನ್ನದು. ಎರಡು ವರ್ಷದ ಸಂಜೆಗಳನ್ನೆಲ್ಲ ಅದಕ್ಕೇ ಸುರಿದಿದ್ದೆ.

ಒಂದು ಭಾನುವಾರ ಎರಡನ್ನೂ ಆಡಿಸಿದೆವು. ಅವನ ಯಂತ್ರದ ನಡೆಯನ್ನು ನಾನು ನನ್ನದಕ್ಕೆ ಟೈಪ್ ಮಾಡುವುದು, ನನ್ನದನ್ನು ಅವನು. ಅರ್ಧ ಆಟ ಸಮಸಮ. ಆಮೇಲೆ ಅಂಚಿನಿಂದ ಎರಡನೆಯ ಸಾಲಿನಲ್ಲಿ, ಅಂದರೆ ಕುದುರೆ ಸಾಲಿನಲ್ಲಿ, ಅವನ ಕಾಲಾಳು ಮನೆಮನೆ ದಾಟಿ ಬರತೊಡಗಿತು. ನನ್ನ ಪ್ರೋಗ್ರಾಂ ಅದರ ಕಡೆ ತಿರುಗಿಯೂ ನೋಡದೆ ಎಲ್ಲೋ ಒಂಟೆ ಓಡಿಸಿತು. ನಡುವೆ ಎರಡು ಸಲ ಕಸ ಗುಡಿಸಲು ನಿಂತದ್ದೂ ಕಾಣಿಸಿತು. ಕಾಲಾಳು ಕೊನೆ ಮುಟ್ಟುವ ಮೊದಲೇ ನಾಚಿಕೆಯಿಂದ ಸೋಲೊಪ್ಪಿಕೊಂಡೆ.

ನನಗೆ ಮೂಗಿನ ತುದಿಯಲ್ಲೇ ಕೋಪ. ಭಾಷೆಯೇ ಕೈಕೊಟ್ಟಿತೆಂದು ಅವತ್ತೇ ಪ್ರೋಗ್ರಾಂ ಅಳಿಸಿದೆ, ಬ್ಯಾಕಪ್ ಫ್ಲಾಪಿಗಳನ್ನೂ ಫಾರ್ಮ್ಯಾಟ್ ಮಾಡಿ ಒರೆಸಿಬಿಟ್ಟೆ. ಮರುದಿನದಿಂದ ಅದನ್ನೇ ಸಿಯಲ್ಲಿ ಬರೆಯಲು ಕೂತೆ. ಒಂದು ವರ್ಷ ಹಿಡಿಯಿತು.

ಎರಡನೆಯ ಪಂದ್ಯಕ್ಕೆ ಹಾರನಹಳ್ಳಿಯಿಂದ ಅಪ್ಪ ಬಂದಿದ್ದರು. ಊರಿನ ದೇವಸ್ಥಾನದ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ನನಗೆ ಆಟ ಕಲಿಸಿದವರು ಅವರೇ. ಈ ಸಲ ನನ್ನ ಪ್ರೋಗ್ರಾಂ ಎಲ್ಲೂ ನಿಲ್ಲಲಿಲ್ಲ, ನಡೆಗಳು ಪಟಪಟನೆ ಬಂದವು. ಆದರೆ ಮತ್ತೆ ಅದೇ ಕುದುರೆ ಸಾಲು, ಅದೇ ಕಾಲಾಳು, ನನ್ನ ಯಂತ್ರದ ಅದೇ ಉಡಾಫೆ. ಕಾಲಾಳು ಕೊನೆಯ ಮನೆ ಮುಟ್ಟಿತು.

"ಮಂತ್ರಿ" ಅಂದ ಗೆಳೆಯ. ನನ್ನ ಪರದೆಯ ಮೇಲೆ ಕುದುರೆ ಮೂಡಿತು.

"ಅದೆಂಗಪ್ಪಾ? ಕುದ್ರೆ ಮನೇಗ್ ಬಂದ ಕಾಲಾಳು ಕುದ್ರೆ ತಾನೇ ಆಗೋದು?" ಎಂದರು ಅಪ್ಪ.

"ಹೌದಲ್ಲೋ, ಮೋಸ ಮಾಡ್ಬೇಡ" ಎಂದು ನಾನೂ ರೇಗಿದೆ.

ಗೆಳೆಯ ನನ್ನ ಮುಖವನ್ನೇ ನೋಡಿದ. "ಯಾವ್ ಮನೇಲಾದ್ರೂ ಮಂತ್ರಿ ಮಾಡ್ಕಬೋದು ಕಣೋ. ಎಲ್ಲಾ ಕಡೆ ಹಂಗೇ ಐತೆ. ನಿಂಗೊತ್ತಿಲ್ವಾ?"

ಗೊತ್ತಿರಲಿಲ್ಲ. ನಮ್ಮ ಜಗಲಿಯಲ್ಲಿ ಕಾಲಾಳು ಯಾರ ಮನೆ ಮುಟ್ಟುತ್ತದೋ ಅವರೇ ಆಗುತ್ತಿತ್ತು; ರಾಜನ ಮನೆ ಮುಟ್ಟಿದರೆ ಮಾತ್ರ ರಾಜನಲ್ಲ, ಮಂತ್ರಿ. ನಮ್ಮೂರಲ್ಲಿಲ್ಲದ ಹೊರಗಿನ ನಿಯಮಗಳನ್ನೆಲ್ಲ ಪುಸ್ತಕ ನೋಡಿ ಬರೆದಿದ್ದೆ. ಇದನ್ನು ಮಾತ್ರ ನೋಡಿರಲಿಲ್ಲ, ಚಿಕ್ಕಂದಿನಿಂದ ಗೊತ್ತಿದ್ದದ್ದನ್ನು ನೋಡುವುದೇನು ಎಂದು. ಬರುವುದು ಬರೀ ಒಂದು ಕುದುರೆ ತಾನೇ ಎಂದು ನನ್ನ ಪ್ರೋಗ್ರಾಂ ಎರಡು ಸಲವೂ ಸುಮ್ಮನಿತ್ತು. ಜಾವಾದಲ್ಲಿದ್ದ ಆ ತಪ್ಪನ್ನು ಒಂದಕ್ಷರ ಬಿಡದೆ ಸಿಗೆ ಇಳಿಸಿದ್ದೆ.

"ಹಂಗಾರೆ ನಾನೇ ತಪ್ಪು ಕಲಿಸ್ದೆ ಅನ್ನು" ಎಂದರು ಅಪ್ಪ, ಮೆಲ್ಲಗೆ.

"ಇಲ್ಲಪ್ಪ, ನಾನೇ ಪುಸ್ತಕ ನೋಡ್ಲಿಲ್ಲ" ಎಂದೆ.

ತಿದ್ದಬೇಕಾದದ್ದು ಒಂದೇ ಸಾಲು. ಮುಂದಿನ ಭಾನುವಾರ ನಾನು ಗೆದ್ದೆ. ಗೆಳೆಯ ಮನಸಾರೆ ಬೆನ್ನು ತಟ್ಟಿ, "ನೋಡ್ದಾ, ಸಿನಲ್ಲಿ ಬರ್ದಿದ್ಕೆ ಗೆದ್ದೆ" ಎಂದ. ಅಲ್ಲ, ಜಾವಾದಲ್ಲೂ ಗೆಲ್ಲುತ್ತಿದ್ದೆ ಎಂದು ತೋರಿಸಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.